ಕೂರುವ ಕೆಲಸ

ಕುಮಾಸಿಯ ಬಸ್ ಅಡ್ಡೆಯಲ್ಲಿ ನನ್ನ ಕೆಲಸ ಕೂರುವುದು.
ಹೀಗೆಂದರೆ ಜನ ನಗುತ್ತಾರೆ. ನಗಲಿ.

ಟಮಾಲೆಯ ವ್ಯಾನಿಗೆ ಇಪ್ಪತ್ತಮೂರು ಸೀಟು,
ತುಂಬುವ ತನಕ ಕದಲುವುದಿಲ್ಲ.
ವೇಳಾಪಟ್ಟಿ ಅಂತ ಇಲ್ಲ,
ಹೊಟ್ಟೆ ತುಂಬಿದಾಗಲೇ ಅದರ ಗಂಟೆ.

ಈಗ ನೀವೇ ಹೇಳಿ,
ಖಾಲಿ ವ್ಯಾನಿಗೆ ಮೊದಲು ಹತ್ತುವ ಪೆದ್ದ ಯಾರು?
ಮೊದಲು ಹತ್ತಿದವನು ಎಲ್ಲರಿಗಾಗಿ ಕಾಯಬೇಕು,
ಕೊನೆಗೆ ಹತ್ತಿದವನಿಗಾಗಿ ಎಲ್ಲರೂ ಕಾದಿರುತ್ತಾರೆ.
ಟಿಕೆಟ್ಟು ಇಬ್ಬರಿಗೂ ಒಂದೇ ದರ.
ಹಾಗಾಗಿ ಜನ ಮೊಟ್ಟೆ ಮಾರುವ ಸೆರ್ವಾಳ ಕೊಡೆಯಡಿ ನಿಂತು
ವ್ಯಾನನ್ನು ಓರೆಗಣ್ಣಲ್ಲಿ ನೋಡುತ್ತಾರೆ,
ತಣ್ಣೀರಿಗೆ ಮೊದಲು ಇನ್ನೊಬ್ಬ ಧುಮುಕಲಿ ಎನ್ನುವ ಹುಡುಗರ ಹಾಗೆ.
ಎಲ್ಲರೂ ಬುದ್ಧಿವಂತರೇ.
ಅದಕ್ಕೇ ವ್ಯಾನು ಖಾಲಿ.

ಆಗ ಕಂಡಕ್ಟರ್ ಹುಡುಗ ಫುಸೇನಿ
ನನ್ನ ಕಡೆ ಗದ್ದ ಎತ್ತುತ್ತಾನೆ.
ಹಳೇ ಪೇಪರು ತುರುಕಿದ ಚೀಲ, ಭಾರಕ್ಕೊಂದು ಇಟ್ಟಿಗೆ,
ಹಿಡಿದು ಹತ್ತುತ್ತೇನೆ. ಮೂರನೇ ಸಾಲು, ಕಿಟಕಿ.
ಐದು ಸೆಡಿ, ಒಂದು ಬೇಯಿಸಿದ ಮೊಟ್ಟೆ: ಇದು ನನ್ನ ಕೂಲಿ.
ನಿಜವಾದ ಪ್ರಯಾಣಿಕ ಬಂದಂತೆಲ್ಲ
ನಮ್ಮಲ್ಲೊಬ್ಬ ಮೂತ್ರಕ್ಕೆಂದು ಇಳಿಯುತ್ತಾನೆ,
ಇನ್ನೊಬ್ಬಳು ನೀರಿಗೆ.
ಇಪ್ಪತ್ತು ವರ್ಷದಲ್ಲಿ ನಾನು ಟಮಾಲೆ ನೋಡಿಲ್ಲ.

ಮುಖ ಬೇಕು ಇದಕ್ಕೆ.
ಫುಸೇನಿ ತನ್ನ ತಮ್ಮನನ್ನು ಕೂರಿಸಿ ನೋಡಿದ, ಒಬ್ಬರೂ ಹತ್ತಲಿಲ್ಲ.
ಊರಿಗೆ ಹೋಗುವವನು ರಸ್ತೆ ನೋಡುತ್ತಾನೆ,
ಆ ಹುಡುಗ ಜನರನ್ನೇ ಎಣಿಸುತ್ತಿದ್ದ.

ಎದುರು ಅಡ್ಡೆಯವರೂ ಈಗ ಏಳು ಜನರನ್ನು ಇಟ್ಟಿದ್ದಾರೆ.
ಎರಡು ವ್ಯಾನೂ ಅರ್ಧ ತುಂಬಿವೆ,
ಎರಡರಲ್ಲೂ ಹೋಗುವವರು ಯಾರೂ ಇಲ್ಲ.
ಜನ ಚುರುಕಾದರು, ಕಾಲು ನೋಡತೊಡಗಿದರು:
ಹವಾಯಿ ಚಪ್ಪಲಿಯಲ್ಲಿ ಯಾರು ನಾನೂರು ಕಿಲೋಮೀಟರು ಹೋಗುತ್ತಾರೆ?
ನಾನು ಬೂಟು ಕೊಂಡೆ.
ನಲವತ್ತು ದಿನ ಕೂತ ದುಡ್ಡು, ಕೂರುವುದಕ್ಕೇ ಹೋಯಿತು.

ನಮ್ಮ ಜೊತೆ ಕೂರುವ ಕಾಲೇಜು ಹುಡುಗ ಹೇಳಿದ,
ಇದಕ್ಕೊಂದು ಹೆಸರಿದೆಯಂತೆ ಪುಸ್ತಕದಲ್ಲಿ,
ಎರಡು ಪುಟದ ಲೆಕ್ಕವೂ ಇದೆಯಂತೆ.
ಲೆಕ್ಕದಲ್ಲಿ ನಾನೆಲ್ಲಿದ್ದೇನೆ, ಕೇಳಿದೆ.
ಪುಟ ತಿರುವಿದ, ಮತ್ತೆ ತಿರುವಿದ,
ಬೆವರು ಒರೆಸಿಕೊಂಡ.

ಕಳೆದ ಸಲದ ಧೂಳುಗಾಳಿಯ ತಿಂಗಳಲ್ಲಿ
ಒಬ್ಬ ಹೆಂಗಸು ನನ್ನ ಪಕ್ಕ ಬಂದು ಕೂತಳು.
ತೊಡೆಯ ಮೇಲೆ ಐಸು ತುಂಬಿದ ಡಬ್ಬಿ,
ಒಳಗೆ ಅಪ್ಪನ ಸಕ್ಕರೆ ಕಾಯಿಲೆಯ ಔಷಧಿ.
"ನೀವು ಕೂತಿದ್ದು ನೋಡಿಯೇ ಹತ್ತಿದೆ, ಹಿರಿಯರೇ,
ಬೇಗ ಹೊರಡುತ್ತದಲ್ಲ?"
ಹತ್ತು ತಲೆ ಇದ್ದವು, ಏಳು ನಮ್ಮವೇ.
ನನಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ,
ನನ್ನ ಕೂಲಿ ಹುಟ್ಟುವುದು ಆ ನಡುವಿನ ಸಂದಿಯಲ್ಲೇ.
"ಹೊರಡುತ್ತದೆ ತಾಯಿ," ಅಂದೆ.
ಡಬ್ಬಿಯ ಮೂಲೆಯಿಂದ ಒಂದು ಹನಿ ಅವಳ ಸೀರೆಯಂಥ ಬಟ್ಟೆಗೆ ಬಿತ್ತು.
ಸ್ವಲ್ಪ ಹೊತ್ತಿಗೆ ಇನ್ನೊಂದು.
ಕಿಟಕಿಯಿಂದಲೇ ಎರಡು ಪೊಟ್ಟಣ ಐಸು ನೀರು ಕೊಂಡು
ಡಬ್ಬಿಗೆ ಒತ್ತಿಟ್ಟೆ. ನನ್ನ ದುಡ್ಡು.
ಅದನ್ನು ಯಾವ ಖಾತೆಗೆ ಬರೆಯುವುದೋ.

ಎರಡೂವರೆ ಗಂಟೆ. ನನ್ನ ಸರದಿ ಬಂತು,
ಮೂತ್ರಕ್ಕೆಂದು ಇಳಿದೆ.
ಸೆರ್ವಾಳ ಕೊಡೆಯ ಹಿಂದೆ ನಿಂತು ಮೊಟ್ಟೆ ಸುಲಿಯುತ್ತಿದ್ದೆ.
ವ್ಯಾನು ಹೊರಡಲಿಲ್ಲ.
ಕೊನೆಯ ಪ್ರಯಾಣಿಕ ಬಾಗಿಲಲ್ಲೇ ನಿಂತಿದ್ದ.
ನನ್ನ ಸೀಟಿನ ಮೇಲೆ ಅವಳು ತಲೆವಸ್ತ್ರ ಹಾಸಿದ್ದಳು:
"ಹಿರಿಯರು ಬರುತ್ತಾರೆ, ಒಂದು ನಿಮಿಷ,
ಅವರನ್ನು ಬಿಟ್ಟು ಹೋಗೋದು ಹೇಗೆ?"
ಫುಸೇನಿ ಕೂಗಿದ, ಡ್ರೈವರು ಹಾರ್ನು ಒತ್ತಿಹಿಡಿದ.
ಅವಳು ಬಟ್ಟೆಯ ಮೇಲೆ ಕೈಯಿಟ್ಟು ಕೂತೇ ಇದ್ದಳು.

ಹನ್ನೊಂದು ನಿಮಿಷ.
ಆವತ್ತು ಕೊನೆಯವನು ನಾನು,
ನನಗಾಗಿ ಎಲ್ಲರೂ ಕಾದಿದ್ದರು.

ಕಿಟಕಿಯ ಬಳಿ ಹೋದೆ. "ನಾನು ಬರುವುದಿಲ್ಲ," ಅಂದೆ.
ಅವಳು ನನ್ನ ಬೂಟು ನೋಡಿದಳು.
ತಲೆವಸ್ತ್ರ ತೆಗೆದು, ಮಡಿಸಿ, ಡಬ್ಬಿಗೆ ಸುತ್ತಿದಳು.
ಯಾಕೆ ಅಂತ ಕೇಳಲಿಲ್ಲ.
ಕೇಳಿದ್ದರೆ ದರ ಹೇಳುತ್ತಿದ್ದೆ:
ಐದು ಸೆಡಿ, ಒಂದು ಮೊಟ್ಟೆ.